ಈರುಳ್ಳಿ ಪೊರೆಯಿಂದ ಶುರು ಮಾಡಿ: ಜೀವಕೋಶದಿಂದ ಜೀವಿಯವರೆಗೆ ಮನೆಯಲ್ಲೇ ನೋಡುವುದು ಹೇಗೆ

ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ. ಹೈಸ್ಕೂಲು ಓದಿದ ಯಾರನ್ನು ಕೇಳಿದರೂ ಈ ಐದು ಪದ ಒಂದೇ ಉಸಿರಲ್ಲಿ ಬರುತ್ತವೆ. "ಒಂದೇ ಬಗೆಯ ಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ" ಅನ್ನುವ ಮುಂದಿನ ಸಾಲೂ ಬಾಯಿಪಾಠ. ಆದರೆ "ಎಲ್ಲಿ, ಒಂದು ಅಂಗಾಂಶ ತೋರಿಸು ನೋಡೋಣ" ಅಂದರೆ ಮಕ್ಕಳು ಪುಸ್ತಕದ ಚಿತ್ರದ ಮೇಲೆ ಬೆರಳಿಡುತ್ತಾರೆ. ತಮ್ಮದೇ ಕೈ, ತಟ್ಟೆಯಲ್ಲಿರುವ ಪಲ್ಯ, ಕಿಟಕಿ ಪಕ್ಕದ ಗಿಡ ಯಾವುದೂ ನೆನಪಾಗುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಇದು ತುಂಬಾ ವರ್ಷದಿಂದ ಕೊರೆಯುತ್ತಿರುವ ವಿಷಯ.

ಈ ಐದು ಮೆಟ್ಟಿಲನ್ನೂ ಮನೆಯಲ್ಲೇ ಹತ್ತಬಹುದು. ಅಡುಗೆಮನೆಯ ಸಾಮಾನು, ಹಿತ್ತಲಿನ ಎರಡು ಎಲೆ, ಒಂದು ಸಾಧಾರಣ ಮೈಕ್ರೋಸ್ಕೋಪ್ ಇದ್ದರೆ ಸಾಕು. ಎರಡು ಭಾನುವಾರ ಹಿಡಿಯಬಹುದು, ಎಲೆ ಕೊಳೆಯುವ, ಬೇರು ಬಿಡುವಂಥ ಕೆಲವು ಪ್ರಯೋಗಕ್ಕೆ ಮಾತ್ರ ವಾರಗಟ್ಟಲೆ ಕಾಯಬೇಕು. ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಿಡಿಬಿಡಿಯಾಗಿದ್ದಾಗ ಆಗದ ಯಾವ ಕೆಲಸ ಇಲ್ಲಿ ಸೇರಿದ್ದರಿಂದ ಆಯಿತು? ಈ ಪಾಠದ ಜೀವ ಇರುವುದು ಈ ಪ್ರಶ್ನೆಯಲ್ಲಿ ಅಂತ ನನ್ನ ನಂಬಿಕೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ಮೈಕ್ರೋಸ್ಕೋಪ್ ಸಾಮಾನ್ಯವಾಗಿ ಶಾಲೆಯಲ್ಲಿ ಇರುತ್ತದೆ, ಕೇಳಿದರೆ ಮೇಷ್ಟ್ರು ಒಂದು ಸಂಜೆ ಬಿಟ್ಟುಕೊಡುತ್ತಾರೆ. ಇಲ್ಲದಿದ್ದರೆ ಫೋಲ್ಡ್‌ಸ್ಕೋಪ್ ತರಿಸಿಕೊಳ್ಳಿ. ಇದು ಕಾಗದವನ್ನು ಮಡಚಿ ಮಾಡುವ ಮೈಕ್ರೋಸ್ಕೋಪ್. ಕಾನ್ಪುರದ ಐಐಟಿಯಲ್ಲಿ ಓದಿ ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶ್ ತಮ್ಮ ತಂಡದ ಜೊತೆ 2014ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಒಂದು ಪುಟ್ಟ ಗಾಜಿನ ಗುಂಡು ಇದರ ಲೆನ್ಸು. ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಧಾರಾಳ.

ಇನ್ನು ಸ್ಲೈಡ್, ಕವರ್‌ಸ್ಲಿಪ್, ಡ್ರಾಪರ್, ಚಿಮಟ, ಹೊಸ ಬ್ಲೇಡು, ಟಿಶ್ಯೂ ಪೇಪರ್ ಬೇಕು. ಬಣ್ಣಕ್ಕೆ ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಆಗುತ್ತದೆ. ಇನ್ನೊಂದು ಬಣ್ಣ ಮಿಥಿಲೀನ್ ಬ್ಲೂ. ಇದು ಲ್ಯಾಬಿನಲ್ಲೇ ಸಿಗಬೇಕೆಂದಿಲ್ಲ, ಮೀನಿನ ಮೈಗೆ ಬೂಷ್ಟು ಹಿಡಿದಾಗ ಹಾಕಲು ಅಕ್ವೇರಿಯಂ ಅಂಗಡಿಯಲ್ಲಿ ಇಟ್ಟಿರುತ್ತಾರೆ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಹಳೇ ಪೇಪರ್ ಹಾಸಿಕೊಂಡೇ ಕೂರಿ. ಬ್ಲೇಡಿನ ಕೆಲಸ ದೊಡ್ಡವರದು.

ಮೊದಲ ಮೆಟ್ಟಿಲು: ಒಂದು ಕೋಶ

ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ. ಒಂದು ದಪ್ಪ ಪದರ ಬಿಡಿಸಿಕೊಳ್ಳಿ. ಅದರ ಒಳಮೈ, ಅಂದರೆ ಬಟ್ಟಲಿನಂತೆ ತಗ್ಗಾಗಿರುವ ಕಡೆ, ನಮಗೆ ಬೇಕಾದದ್ದು. ಪದರವನ್ನು ಬ್ಲೇಡಿನಿಂದ ಕೊಯ್ಯಬೇಡಿ, ಕೈಯಲ್ಲಿ ಲಟಕ್ಕನೆ ಮುರಿಯಿರಿ. ಮುರಿದ ಜಾಗದಲ್ಲಿ ಹಾಲಿನ ಕೆನೆಗಿಂತ ತೆಳುವಾದ ಒಂದು ಪೊರೆ ಜೋತಾಡುತ್ತದೆ. ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬಿಟ್ಟುಕೊಂಡು ಬರುತ್ತದೆ.

ಸ್ಲೈಡಿನ ಮೇಲೆ ಮೊದಲು ಒಂದು ಹನಿ ನೀರು, ಆಮೇಲೆ ಪೊರೆ. ಒಣ ಗಾಜಿನ ಮೇಲೆ ಪೊರೆ ಇಟ್ಟು ನೀರು ಹಾಕಿದರೆ ಅದು ಸುರುಳಿ ಸುತ್ತಿಕೊಂಡು ಬಿಡಿಸಲು ಬರುವುದೇ ಇಲ್ಲ. ಬೆರಳುಗುರಿನಷ್ಟು ತುಂಡು ಸಾಕು. ಒಂದು ಹನಿ ಅಯೋಡಿನ್ ಬಿಡಿ. ಕವರ್‌ಸ್ಲಿಪ್ಪನ್ನು ಒಂದು ಅಂಚು ಊರಿ, ಓರೆಯಾಗಿ ಹಿಡಿದು, ಬಾಗಿಲು ಮುಚ್ಚಿದ ಹಾಗೆ ನಿಧಾನ ಇಳಿಸಿ. ಹೆಚ್ಚಾದ ನೀರನ್ನು ಟಿಶ್ಯೂ ಪೇಪರಿನ ತುದಿಗೆ ಹೀರಿಸಿ.

ನೋಡುವ ಮೊದಲು ಒಂದು ಎಚ್ಚರಿಕೆ. ಮೊದಲ ಸಲ ನೋಡುವ ಮಕ್ಕಳು "ಸಾರ್, ಕೋಶ ಸಿಕ್ತು!" ಅಂತ ಕೂಗುವುದು ಹೆಚ್ಚಾಗಿ ಗಾಳಿಗುಳ್ಳೆ ನೋಡಿ. ದಪ್ಪ ಕಪ್ಪು ಅಂಚಿನ, ಅಚ್ಚುಕಟ್ಟಾದ ದುಂಡಗಿನ ಆಕಾರ ಕಂಡರೆ ಅದು ಗುಳ್ಳೆ. ಕವರ್‌ಸ್ಲಿಪ್ಪಿನ ಮೇಲೆ ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಸರಿದು ಹೋಗುತ್ತದೆ. ಕೋಶಗಳು ಇಟ್ಟಿಗೆ ಗೋಡೆಯ ಹಾಗೆ, ಒಂದಕ್ಕೊಂದು ಒತ್ತಿಕೊಂಡು, ಸ್ವಲ್ಪ ಉದ್ದಕ್ಕೆ ಇರುತ್ತವೆ. ಒಂದೊಂದು ಇಟ್ಟಿಗೆಯಲ್ಲೂ ಹಳದಿಗಂದು ಬಣ್ಣದ ಒಂದು ಚುಕ್ಕೆ. ಅದು ಕೋಶಕೇಂದ್ರ. ಬಹಳಷ್ಟು ಕೋಶಗಳಲ್ಲಿ ಅದು ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ, ಯಾಕೆಂದರೆ ನಡುವಿನ ಜಾಗವನ್ನೆಲ್ಲ ನೀರು ತುಂಬಿದ ರಸದಾನಿ ಹಿಡಿದುಕೊಂಡಿದೆ.

ಎಷ್ಟು ದೊಡ್ಡದು ಅಂತ ಅಳೆಯಿರಿ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಲೆನ್ಸಿನ ಕೆಳಗಿಟ್ಟು, ಕಾಣುವ ದುಂಡು ಎಷ್ಟು ಮಿಲಿಮೀಟರ್ ಅಗಲ ಅಂತ ನೋಡಿಕೊಳ್ಳಿ. ಶಾಲೆಯ ಮೈಕ್ರೋಸ್ಕೋಪಿನಲ್ಲಿ 100 ಪಟ್ಟು ಇಟ್ಟರೆ ಅದು 2 ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಬರುತ್ತದೆ. ಅದರ ಉದ್ದಕ್ಕೆ ಎಷ್ಟು ಕೋಶ ಅಂತ ಎಣಿಸಿ ಭಾಗಿಸಿ. ಒಂದು ಕೋಶದ ಉದ್ದ ಕಾಲು ಮಿಲಿಮೀಟರಿನ ಆಸುಪಾಸು ಬರುತ್ತದೆ. ತಾನೇ ಅಳೆದ ಅಂಕಿ ಮಗುವಿಗೆ ಮರೆಯುವುದಿಲ್ಲ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಇಂಥ ಗೂಡುಗಳನ್ನು ಕಂಡು 'ಸೆಲ್' ಅಂದ. ಸಣ್ಣ ಕೋಣೆ ಅಂತ ಅರ್ಥ. ಅವನು ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆ. ನಮ್ಮ 'ಕೋಶ' ಅನ್ನುವ ಪದಕ್ಕೆ ಭಂಡಾರ, ಬೊಕ್ಕಸ ಅನ್ನುವ ಅರ್ಥ ಇದೆ. ಒಳಗೆ ಏನೋ ತುಂಬಿದೆ ಅನ್ನುವುದನ್ನು ಈ ಪದವೇ ಹೇಳುತ್ತದೆ. ನನಗಂತೂ ನಮ್ಮ ಪದವೇ ಜಾಸ್ತಿ ಇಷ್ಟ.

ಒಳಗೆ ತುಂಬಿರುವುದನ್ನು ಕಣ್ಣಾರೆ ಕಾಣಬೇಕೆಂದರೆ ಉಪ್ಪು ಬೇಕು. ಈ ಸಲ ಈರುಳ್ಳಿ ಪದರದ ಹೊರಮೈಯಿಂದ, ನೇರಳೆ ಬಣ್ಣದ ಪೊರೆ ಕೀಳಿ. ಅಯೋಡಿನ್ ಬೇಡ, ಬರೀ ನೀರು ಸಾಕು. ಗಮನವಿಟ್ಟು ನೋಡಿ, ಕೋಶದ ತುಂಬ ಬಣ್ಣ ಇರುತ್ತದೆ. ಈಗ ಅರ್ಧ ಲೋಟ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ, ಒಂದು ಹನಿಯನ್ನು ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಬಿಡಿ, ಎದುರು ಅಂಚಿಗೆ ಟಿಶ್ಯೂ ಪೇಪರ್ ತಾಗಿಸಿ. ಉಪ್ಪುನೀರು ಒಳಕ್ಕೆ ಹರಿಯುತ್ತದೆ. ಒಂದೆರಡು ನಿಮಿಷದಲ್ಲಿ ಬಣ್ಣ ಗೋಡೆಯಿಂದ ಬಿಟ್ಟು ಒಳಸರಿದು, ನಡುವೆ ಒಂದು ಸಣ್ಣ ನೇರಳೆ ಮುದ್ದೆಯಾಗಿ ನಿಲ್ಲುತ್ತದೆ. ಗೋಡೆ ಮಾತ್ರ ಹಾಗೇ ಇರುತ್ತದೆ. ಗೋಡೆ ಬೇರೆ, ಅದರ ಒಳಗಿನ ಪೊರೆ ಬೇರೆ ಅನ್ನುವುದು ಆ ಕ್ಷಣಕ್ಕೆ ಅರ್ಥವಾಗುತ್ತದೆ. ಇದೇ ರೀತಿ ಮತ್ತೆ ಬರೀ ನೀರು ಹಾಯಿಸಿ. ಕೋಶಕ್ಕೆ ಜೀವ ಇದ್ದರೆ ಬಣ್ಣ ಪುನಃ ಗೋಡೆಯವರೆಗೆ ಉಬ್ಬುತ್ತದೆ.

ಇದು ಅಡುಗೆ ಮಾಡುವವರಿಗೆ ಹೊಸದೇನಲ್ಲ. ಕೋಸಂಬರಿಗೆ ಉಪ್ಪು ಕೊನೆಯಲ್ಲಿ ಹಾಕು, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ ಅಂತ ಅಮ್ಮಂದಿರು ಹೇಳುವುದು ಇದನ್ನೇ. ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಸುಕ್ಕಾಗುವುದೂ ಹೀಗೇ. ಲಕ್ಷಾಂತರ ಕೋಶಗಳು ಒಟ್ಟಿಗೆ ನೀರು ಬಿಟ್ಟುಕೊಟ್ಟಿರುತ್ತವೆ.

ನಿಮ್ಮದೇ ಕೋಶ ನೋಡಬೇಕಾದರೆ ಬಾಯಿ ಮುಕ್ಕಳಿಸಿ, ಹೊಸ ಇಯರ್‌ಬಡ್ಡಿನಿಂದ ಕೆನ್ನೆಯ ಒಳಭಾಗವನ್ನು ಹಗುರವಾಗಿ ಒರೆಸಿ, ಸ್ಲೈಡಿಗೆ ಹಚ್ಚಿ. ಒಂದು ಹನಿ ಮಿಥಿಲೀನ್ ಬ್ಲೂ ಹಾಕಿ ಮುಚ್ಚಿ. ಒಬ್ಬರ ಕಡ್ಡಿ ಇನ್ನೊಬ್ಬರು ಮುಟ್ಟಬಾರದು, ಬಳಸಿದ್ದನ್ನು ಕೂಡಲೇ ಎಸೆಯಬೇಕು. ಇಲ್ಲಿ ಇಟ್ಟಿಗೆ ಗೋಡೆ ಇಲ್ಲ. ಮುರಿದ ಹಪ್ಪಳದ ಚೂರುಗಳ ಹಾಗೆ ಅಂಕುಡೊಂಕಾದ, ಚಪ್ಪಟೆ ಕೋಶಗಳು. ನಡುವೆ ಕಡುನೀಲಿ ಚುಕ್ಕೆ. ಕೋಶಭಿತ್ತಿ ಇಲ್ಲದ್ದರಿಂದ ಅಂಚು ಮಡಚಿಕೊಂಡಿರುತ್ತದೆ. ಈರುಳ್ಳಿ ಕೋಶಕ್ಕಿಂತ ಇದು ತುಂಬಾ ಚಿಕ್ಕದು.

ಎರಡನೇ ಮೆಟ್ಟಿಲು: ಅಂಗಾಂಶ

ನೀವು ಈಗಾಗಲೇ ಎರಡನೇ ಮೆಟ್ಟಿಲ ಮೇಲೆ ಕಾಲಿಟ್ಟಾಗಿದೆ. ಈರುಳ್ಳಿಯ ಆ ಪೊರೆ ಇದೆಯಲ್ಲ, ಅದು ಒಂದು ಕೋಶ ಅಲ್ಲ. ಒಂದೇ ಬಗೆಯ ಸಾವಿರಾರು ಕೋಶಗಳು ಅಂಟಿಕೊಂಡು ಒಂದೇ ಕೆಲಸ ಮಾಡುವ ಹಾಳೆ. ಅದೇ ಅಂಗಾಂಶ. ಅದನ್ನು ಚಿಮಟದಲ್ಲಿ ಹಿಡಿದು ಎತ್ತಿದಾಗ ಹರಿಯದೆ ಒಟ್ಟಿಗೆ ಬಂತಲ್ಲ, ಆ ಗಟ್ಟಿತನ ಬಿಡಿ ಕೋಶಕ್ಕೆ ಇಲ್ಲ. ನಮ್ಮ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತು.

ಅಂಗಾಂಶಕ್ಕೆ ಇಂಗ್ಲಿಷಿನಲ್ಲಿ ಹೇಳುವ ಟಿಶ್ಯೂ ಅನ್ನುವ ಪದ ಬಂದದ್ದು ಫ್ರೆಂಚಿನಲ್ಲಿ ನೇಯ್ದ ಬಟ್ಟೆಗೆ ಹೇಳುವ ಮಾತಿನಿಂದ. ದೇಹದ ಅಂಗಗಳು ಕೆಲವೇ ಬಗೆಯ 'ಬಟ್ಟೆ'ಗಳಿಂದ ಆಗಿವೆ ಅಂತ ತೋರಿಸಿದವನು ಫ್ರಾನ್ಸಿನ ವೈದ್ಯ ಝೇವಿಯರ್ ಬಿಷಾ. ಅವನು ಮೈಕ್ರೋಸ್ಕೋಪನ್ನು ನಂಬುತ್ತಿರಲಿಲ್ಲ. ಕೊಯ್ದು, ಬೇಯಿಸಿ, ನೆನೆಸಿ, ಕೈಯಲ್ಲಿ ಮುಟ್ಟಿ ನೋಡಿಯೇ 21 ಬಗೆ ಗುರುತಿಸಿದ. 1802ರಲ್ಲಿ, 30ನೇ ವಯಸ್ಸಿಗೇ ತೀರಿಕೊಂಡ. ಹಾಗಾಗಿ ಈ ಮೆಟ್ಟಿಲಿಗೆ ಮೈಕ್ರೋಸ್ಕೋಪ್ ಇಲ್ಲದಿದ್ದರೂ ನಡೆಯುತ್ತದೆ. ಕೈ, ಕಣ್ಣು, ಹಲ್ಲು ಸಾಕು.

ಹಲ್ಲು ಅಂದೆ, ಯಾಕೆಂದರೆ ಅಂಗಾಂಶ ಬಿಡಿಸಿ ನೋಡಲು ಕಬ್ಬಿಗಿಂತ ಒಳ್ಳೆಯ ವಸ್ತು ಇಲ್ಲ. ಸಂಕ್ರಾಂತಿಗೆ ತಂದ ಕಬ್ಬಿನ ಜಲ್ಲೆಯಿಂದ ಒಂದು ತುಂಡು ತೆಗೆದುಕೊಳ್ಳಿ. ಹೊರಗಿನ ಗಟ್ಟಿ ಸಿಪ್ಪೆ, ಅದರ ಮೇಲಿನ ಬಿಳಿ ಮೇಣ, ಇದು ಹೊದಿಕೆಯ ಅಂಗಾಂಶ ಮತ್ತು ಅದಕ್ಕೆ ಅಂಟಿದ ಗಟ್ಟಿ ಪದರ. ಸಿಪ್ಪೆ ಸುಲಿದು ತುಂಡಿನ ಅಡ್ಡಮೈ ನೋಡಿ. ಬಿಳಿ ತಿರುಳಿನ ತುಂಬ ಚುಕ್ಕೆ ಚುಕ್ಕೆ ಕಾಣುತ್ತದೆ. ಈಗ ಜಗಿಯಿರಿ. ಸಿಹಿ ರಸ ಬರುವುದು ಮೆತ್ತನೆ ತಿರುಳಿನ ಕೋಶಗಳು ಒಡೆದು. ಸಕ್ಕರೆ ಕೂಡಿಟ್ಟಿರುವುದು ಅವುಗಳ ರಸದಾನಿಯಲ್ಲಿ. ಕೊನೆಗೆ ಬಾಯಲ್ಲಿ ಉಳಿದ ಹಿಪ್ಪೆಯನ್ನು ಕೈಗೆ ತೆಗೆದು ಒಂದೊಂದು ನಾರು ಬಿಡಿಸಿ. ಅಡ್ಡಮೈಯಲ್ಲಿ ಚುಕ್ಕೆ ಅಂತ ಕಂಡದ್ದು ಈ ನಾರುಗಳ ತುದಿ. ಬೇರಿನಿಂದ ನೀರು ಮೇಲೇರುವ ಕ್ಸೈಲಂ, ಎಲೆಯಲ್ಲಿ ಆದ ಸಕ್ಕರೆ ಇಳಿಯುವ ಫ್ಲೋಯಂ, ಅವೆರಡನ್ನೂ ಸುತ್ತಿಕೊಂಡ ಗಟ್ಟಿ ನಾರುಕೋಶಗಳು ಒಂದೊಂದು ಕಂತೆಯಲ್ಲೂ ಇರುತ್ತವೆ. ಹಲ್ಲಿಗೆ ಒಂದು ಅಂಗಾಂಶ ಸೋತಿತು, ಇನ್ನೊಂದು ಸೋಲಲಿಲ್ಲ. ಇಷ್ಟು ಚೆನ್ನಾಗಿ ಯಾವ ಚಾರ್ಟೂ ಹೇಳುವುದಿಲ್ಲ.

ಕ್ಸೈಲಂ ಕೆಲಸ ಮಾಡುವುದನ್ನು ನೋಡಬೇಕೆಂದರೆ ಕರ್ಣಕುಂಡಲದ ಗಿಡವನ್ನು ಬೇರು ಸಮೇತ ಕಿತ್ತು ತೊಳೆದು, ಕೆಂಪು ಇಂಕು ಬೆರೆಸಿದ ನೀರಿನಲ್ಲಿ ನಿಲ್ಲಿಸಿ. ಅದರ ಕಾಂಡ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಕೆಲವು ಗಂಟೆಗಳಲ್ಲಿ ಒಳಗೆ ಕೆಂಪು ಗೆರೆಗಳು ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಕಾಂಡವನ್ನು ಅಡ್ಡ ಕೊಯ್ದರೆ ಕೆಂಪು ಚುಕ್ಕೆಗಳು ಬಳೆಯ ಹಾಗೆ ದುಂಡಗೆ ಜೋಡಿಸಿರುತ್ತವೆ, ಕಬ್ಬಿನ ಹಾಗೆ ಚೆದುರಿಲ್ಲ. ದ್ವಿದಳ (ಕರ್ಣಕುಂಡಲ), ಏಕದಳ (ಕಬ್ಬು) ಗಿಡಗಳ ವ್ಯತ್ಯಾಸ ಇಲ್ಲೇ ಸಿಕ್ಕಿತು. ಗಿಡ ಸಿಗದಿದ್ದರೆ ಬಿಳಿ ಸುಗಂಧರಾಜದ ಕಡ್ಡಿಯನ್ನು ಇಂಕು ನೀರಿನಲ್ಲಿ ಇಟ್ಟು ಮಲಗಿ. ಬೆಳಗ್ಗೆ ದಳಗಳಿಗೆ ಬಣ್ಣ ಬಂದಿರುತ್ತದೆ.

ಈ ನೀರಿನ ಕೊಳವೆಯ ಕೋಶಗಳೆಲ್ಲ ಸತ್ತವು. ಬೆಳೆದು, ಗೋಡೆ ದಪ್ಪ ಮಾಡಿಕೊಂಡು, ಆಮೇಲೆ ಒಳಗಿನದ್ದನ್ನೆಲ್ಲ ಕಳೆದುಕೊಂಡು ಟೊಳ್ಳಾದ ಮೇಲೇ ಅವು ಉಪಯೋಗಕ್ಕೆ ಬರುತ್ತವೆ. ತೆಂಗಿನ ನಾರೂ ಸತ್ತ ಕೋಶಗಳದ್ದೇ. ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ, ಅಲ್ವಾ? ಅದೂ ಗೋಡೆ ದಪ್ಪವಾಗಿ ಕಲ್ಲಾದ ಕೋಶಗಳ ಗುಂಪು. ಒಂದು ಚೂರು ತಿರುಳನ್ನು ಸ್ಲೈಡಿನ ಮೇಲೆ ಹಿಸುಕಿ ನೋಡಿ, ಚೆನ್ನಾಗಿ ಕಾಣುತ್ತದೆ. ಕೋಶ ತಾನು ಉಳಿಯುವುದಕ್ಕಷ್ಟೇ ಇಲ್ಲ, ಗಿಡ ನಿಲ್ಲುವುದಕ್ಕೂ ಇದೆ ಅನ್ನುವುದು ಇಲ್ಲಿ ಮನಸ್ಸಿಗೆ ಇಳಿಯುತ್ತದೆ.

ಪ್ರಾಣಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೈಯನ್ನೂ ಒಳಗಿನ ಕೊಳವೆಗಳನ್ನೂ ಹೊದಿಸುವ ಅನುಲೇಪಕ ಅಂಗಾಂಶ (ನಿಮ್ಮ ಕೆನ್ನೆಯ ಕೋಶಗಳು ಬಂದದ್ದು ಅಲ್ಲಿಂದ), ಜೋಡಿಸಿ ಹಿಡಿದಿಡುವ ಸಂಯೋಜಕ ಅಂಗಾಂಶ, ಎಳೆಯುವ ಸ್ನಾಯು, ಸುದ್ದಿ ಸಾಗಿಸುವ ನರ. ರಕ್ತ, ಮೂಳೆ, ಕೊಬ್ಬು ಎಲ್ಲವೂ ಸಂಯೋಜಕ ಅಂಗಾಂಶದ ಪಟ್ಟಿಯಲ್ಲೇ ಬರುತ್ತವೆ. ರಕ್ತವೂ ಅಂಗಾಂಶವಾ ಅಂತ ಮಕ್ಕಳು ಕಣ್ಣರಳಿಸುತ್ತಾರೆ. ಹೌದು, ಹರಿಯುವ ಅಂಗಾಂಶ. ಇವನ್ನೆಲ್ಲ ಮುಟ್ಟಿ ನೋಡುವ ದಾರಿ ಮುಂದಿನ ಮೆಟ್ಟಿಲಲ್ಲಿದೆ.

ಮೂರನೇ ಮೆಟ್ಟಿಲು: ಅಂಗ

ಮಾಂಸದ ಅಡುಗೆ ಮಾಡುವ ಮನೆಯಾದರೆ ಕೋಳಿಯ ಒಂದು ಕಾಲನ್ನು ಉಗುರಿನ ಸಮೇತ ಕೇಳಿ ತನ್ನಿ. ಚರ್ಮ ಸರಿಸಿ. ಕೆಳಗೆ ಕೆಂಪಗಿನ ಸ್ನಾಯು. ಅದು ತುದಿಗೆ ಬರುತ್ತಾ ಸಣ್ಣಗಾಗಿ, ಬೆಳ್ಳಗೆ ಹೊಳೆಯುವ ಗಟ್ಟಿ ಹುರಿಯಾಗುತ್ತದೆ. ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಆ ಹುರಿಯನ್ನು ಚಿಮಟದಲ್ಲಿ ಹಿಡಿದು ಎಳೆಯಿರಿ. ಕೋಳಿಯ ಬೆರಳುಗಳು ಮಡಚಿಕೊಳ್ಳುತ್ತವೆ! ಬಿಟ್ಟು ಇನ್ನೊಂದು ಬದಿಯ ಹುರಿ ಎಳೆದರೆ ಬಿಚ್ಚಿಕೊಳ್ಳುತ್ತವೆ. ಮೂಳೆಯ ತುದಿಯಲ್ಲಿ ನುಣ್ಣಗೆ ಮುತ್ತಿನ ಹಾಗಿರುವುದು ಮೆದು ಮೂಳೆ. ಮಾಂಸದ ನಡುವೆ ಬಿಳಿ ದಾರದಂತೆ ನರ ಸಿಗುತ್ತದೆ. ಕೆಲಸ ಮುಗಿದ ಮೇಲೆ ಕೈಯನ್ನೂ ಮೇಜನ್ನೂ ಸೋಪಿನಿಂದ ತೊಳೆಯಿರಿ.

ಕೋಳಿ ಬೇಡವೆನ್ನುವ ಮನೆಯವರು ತಮ್ಮ ಕೈಯನ್ನೇ ನೋಡಿ. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟು, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಬೆರಳುಗಳನ್ನಿಟ್ಟು, ಒಂದೊಂದೇ ಬೆರಳು ಮಡಚಿ. ಚರ್ಮದ ಕೆಳಗೆ ಹುರಿಗಳು ಜಾರುವುದು ತಿಳಿಯುತ್ತದೆ. ಮೊಣಕೈ ಹತ್ತಿರ ಮುಟ್ಟಿದರೆ ಮಾಂಸ ಉಬ್ಬಿ ಇಳಿಯುತ್ತದೆ. ಬೆರಳನ್ನು ಬಿಗಿಯಾಗಿ ಮಡಚುವ ದೊಡ್ಡ ಸ್ನಾಯುಗಳಿರುವುದು ಬೆರಳಿನಲ್ಲಲ್ಲ, ಮುಂಗೈಯಲ್ಲಿ. ಸ್ನಾಯು ಎಳೆಯಬಲ್ಲದು, ಹುರಿ ಆ ಎಳೆತವನ್ನು ದಾಟಿಸಬಲ್ಲದು, ಮೂಳೆ ಬಾಗದೆ ನಿಲ್ಲಬಲ್ಲದು. ಪೆನ್ನು ಹಿಡಿಯುವ ಕೆಲಸ ಮಾತ್ರ ಇವುಗಳಲ್ಲಿ ಯಾವುದೊಂದರಿಂದಲೂ ಆಗುವುದಿಲ್ಲ.

ಗಿಡದ ಅಂಗಕ್ಕೆ ಎಲೆ ತೆಗೆದುಕೊಳ್ಳಿ. ದಾಸವಾಳದ ಬಲಿತ ಎಲೆಯ ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪಟ್ಟಿ ಬಳಿದು, ಚೆನ್ನಾಗಿ ಒಣಗಿಸಿ, ಸೆಲೋಟೇಪ್ ಅಂಟಿಸಿ ಕಿತ್ತು, ಆ ಟೇಪನ್ನೇ ಸ್ಲೈಡಿಗೆ ಅಂಟಿಸಿ. ಎಲೆಯ ಅಚ್ಚು ಸಿಕ್ಕಿತು. ಅಲ್ಲಲ್ಲಿ ತುಟಿ ತೆರೆದ ಪುಟ್ಟ ಬಾಯಿಗಳು ಕಾಣುತ್ತವೆ. ಅವೇ ಪತ್ರರಂಧ್ರಗಳು. ಎರಡು ತುಟಿಗಳು ಎರಡು ಕಾವಲು ಕೋಶಗಳು. ಅವು ನೀರು ಕುಡಿದು ಉಬ್ಬಿದರೆ ಬಾಯಿ ತೆರೆಯುತ್ತದೆ, ನೀರು ಕಳೆದುಕೊಂಡರೆ ಮುಚ್ಚುತ್ತದೆ. ಉಪ್ಪುನೀರಿನ ಪ್ರಯೋಗ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ದಿನ ನಾಲ್ಕಾರು ಅರಳಿ ಎಲೆಗಳನ್ನು ಒಂದು ಹಳೇ ಡಬ್ಬಿಯಲ್ಲಿ ನೀರು ಹಾಕಿ ಹಿತ್ತಲಲ್ಲಿ ಇಟ್ಟುಬಿಡಿ. ವಾಸನೆ ಬರುತ್ತದೆ, ಮನೆಯೊಳಗೆ ಬೇಡ. ಸೊಳ್ಳೆ ಬರದಂತೆ ಮುಚ್ಚಿ, ಆಗಾಗ ನೀರು ಬದಲಿಸಿ. ಮೂರು ನಾಲ್ಕು ವಾರದಲ್ಲಿ ಮೆತ್ತನೆ ಹಸಿರು ಭಾಗ ಕೊಳೆತಿರುತ್ತದೆ. ಹಳೇ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ತಟ್ಟಿ ತೊಳೆದರೆ ನರಗಳ ಬಲೆ ಮಾತ್ರ ಉಳಿಯುತ್ತದೆ. ಹಿಂದೆಲ್ಲ ಪುಸ್ತಕದ ನಡುವೆ ಇಡುತ್ತಿದ್ದೆವಲ್ಲ, ಅದೇ. ಅಡುಗೆ ಮಾಡುವ ಹಸಿರು ಕೋಶಗಳು ಹೋದವು, ನೀರು ತಂದುಕೊಡುತ್ತಿದ್ದ ಅಂಗಾಂಶ ಉಳಿಯಿತು. ಅದನ್ನು ಬೆಳಕಿಗೆ ಹಿಡಿದು, ಎಲೆಯ ಯಾವ ಜಾಗವಾದರೂ ನರದಿಂದ ದೂರ ಇದೆಯಾ ಅಂತ ಮಕ್ಕಳಿಂದ ಹುಡುಕಿಸಿ.

ಹೃದಯದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹೃದಯದ ಸ್ನಾಯುಕೋಶಗಳನ್ನು ಬಿಡಿಸಿ ಲ್ಯಾಬಿನ ತಟ್ಟೆಯಲ್ಲಿ ಸಾಕಿದರೆ ಒಂದೊಂದೂ ತನ್ನ ಪಾಡಿಗೆ ಮಿಡಿಯುತ್ತದೆ. ಬೆಳೆದು ಒಂದಕ್ಕೊಂದು ತಾಗಿದ ಕೂಡಲೇ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ಇದನ್ನು ಮನೆಯಲ್ಲಿ ಮಾಡಲಾಗದು, ಆದರೆ ಕೇಳಿದ ಮಕ್ಕಳು ತಮ್ಮ ಎದೆ ಮೇಲೆ ಕೈ ಇಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ.

ನಾಲ್ಕನೇ ಮೆಟ್ಟಿಲು: ಅಂಗವ್ಯೂಹ

ಹಲವು ಅಂಗಗಳು ಸೇರಿ ಒಂದು ಕೆಲಸ ಮಾಡಿದರೆ ಅದು ಅಂಗವ್ಯೂಹ. ಅದನ್ನು ನೋಡಲು ಗಡಿಯಾರ ಮತ್ತು ಮೆಟ್ಟಿಲು ಸಾಕು. ಕೂತು ನಾಡಿ ಹಿಡಿದು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಉಸಿರನ್ನೂ ಹಾಗೇ ಎಣಿಸಿ. ಎರಡು ನಿಮಿಷ ಮನೆ ಮೆಟ್ಟಿಲು ಹತ್ತಿ ಇಳಿದು, ಕೂಡಲೇ ಮತ್ತೆ ಎಣಿಸಿ. ಓಡಿದ್ದು ಕಾಲು. ಆದರೆ ಎದೆ ಯಾಕೆ ಹೊಡೆದುಕೊಂಡಿತು, ಉಸಿರು ಯಾಕೆ ಏರಿತು, ಮುಖ ಯಾಕೆ ಬೆವರಿತು? ಕಾಲಿನ ಕೋಶಗಳು ಜೋರಾಗಿ ದುಡಿದವು ಅನ್ನುವ ಒಂದೇ ಕಾರಣಕ್ಕೆ ನಾಲ್ಕೈದು ವ್ಯೂಹಗಳು ಒಟ್ಟಿಗೆ ಎದ್ದು ನಿಂತವು.

ಇನ್ನೊಂದು ದಾರಿ ಒಂದು ತುತ್ತು ರಾಗಿಮುದ್ದೆಯ ಹಿಂದೆ ಹೋಗುವುದು. ಕಾಗದದ ಮೇಲೆ ದಾರಿ ಬರೆಯುತ್ತಾ ಹೋಗಿ. ಮುದ್ದೆಯನ್ನು ನಾವು ಜಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಾಗಾಗಿ ಪಿಷ್ಟ ಒಡೆಯುವ ಜೊಲ್ಲಿಗೆ ಹೆಚ್ಚು ಹೊತ್ತು ಸಿಗುವುದಿಲ್ಲ. (ಜೊಲ್ಲಿನ ಕೆಲಸ ತಿಳಿಯಬೇಕೆಂದರೆ ಒಂದು ಹಿಡಿ ಅವಲಕ್ಕಿಯನ್ನು ನುಂಗದೆ ಜಗಿಯುತ್ತಾ ಇರಿ, ಸಿಹಿಯಾಗುತ್ತದೆ.) ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ, ಆಮೇಲೆ ಜಠರ. ಜಠರದ ಗೋಡೆಯಲ್ಲಿ ನಾಲ್ಕೂ ಬಗೆಯ ಅಂಗಾಂಶಗಳಿವೆ. ಅದು ಕಡೆಯುತ್ತದೆ, ಆಮ್ಲ ಸುರಿಯುತ್ತದೆ. ಮುಂದೆ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು. ಮೇದೋಜೀರಕ ಗ್ರಂಥಿಯ ರಸ ಇಲ್ಲಿಗೆ ಬಂದು ಪಿಷ್ಟವನ್ನು ಒಡೆಯುತ್ತದೆ, ಕೊನೆಗೆ ಗ್ಲೂಕೋಸ್ ಆಗುತ್ತದೆ. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ, ಲಕ್ಷಾಂತರ ಪುಟ್ಟ ಬೆರಳುಗಳು. ಆ ಬೆರಳಿನ ಹೊದಿಕೆ ಒಂದೇ ಒಂದು ಕೋಶದಷ್ಟು ದಪ್ಪ. ಈರುಳ್ಳಿ ಪೊರೆ ನೆನಪಾಯಿತಾ? ಈ ಹೊದಿಕೆ ಸವೆಯುತ್ತಲೇ ಇರುತ್ತದೆ, ಮೂರರಿಂದ ಐದು ದಿನಕ್ಕೆ ಪೂರ್ತಿ ಹೊಸದಾಗುತ್ತದೆ.

ಆ ಒಂದು ಕೋಶವನ್ನು ದಾಟಿದ ಗ್ಲೂಕೋಸ್ ರಕ್ತಕ್ಕೆ ಸೇರಿ ಮೊದಲು ಲಿವರಿಗೆ, ಅಲ್ಲಿಂದ ಹೃದಯಕ್ಕೆ, ಅಲ್ಲಿಂದ ಮೈಗೆಲ್ಲ ಹೋಗುತ್ತದೆ. ಕೊನೆಗೆ ಮೀನಖಂಡದ ಒಂದು ಸ್ನಾಯುಕೋಶದೊಳಗೆ ಹೊಕ್ಕು, ಅಲ್ಲಿನ ಮೈಟೋಕಾಂಡ್ರಿಯದಲ್ಲಿ ಉರಿದು, ನೀವು ಮೆಟ್ಟಿಲು ಹತ್ತುವ ಶಕ್ತಿಯಾಗುತ್ತದೆ. ಇಡೀ ವ್ಯೂಹ ದುಡಿದದ್ದು ಒಂದು ಕೋಶದ ಹೊಟ್ಟೆಗೆ. ಮೇಲೆ ಹತ್ತಿದ ಮೆಟ್ಟಿಲನ್ನು ಹೀಗೆ ಒಂದು ಸಲ ಕೆಳಗೂ ಇಳಿದು ಬಂದರೆ ಮಾತ್ರ ಪಾಠ ಪೂರ್ತಿಯಾಗುತ್ತದೆ ಅಂತ ನನ್ನ ಅನುಭವ.

ಐದನೇ ಮೆಟ್ಟಿಲು: ಜೀವಿ

ದೊಡ್ಡವರ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ ಅಂತ ಲೆಕ್ಕ ಹಾಕಿದ್ದಾರೆ. ಅದರಲ್ಲಿ ಹೆಚ್ಚಿನ ಪಾಲು ಕೆಂಪು ರಕ್ತಕಣಗಳೇ. ಅವುಗಳಲ್ಲಿ ಕೋಶಕೇಂದ್ರ ಕೂಡ ಇಲ್ಲ. ಆಕ್ಸಿಜನ್ ಹೊರಲು ಜಾಗ ಬಿಟ್ಟುಕೊಟ್ಟು, ಸುಮಾರು 120 ದಿನ ದುಡಿದು ಮುಗಿಯುತ್ತವೆ.

ಆದರೆ ಜೀವಿ ಅನ್ನಿಸಿಕೊಳ್ಳಲು ಇಷ್ಟೊಂದು ಕೋಶ ಬೇಕೇ ಬೇಕು ಅಂತಿಲ್ಲ. ಇದನ್ನು ಬಿಟ್ಟು ಹೇಳಿಕೊಟ್ಟರೆ ಮಕ್ಕಳಿಗೆ ತಪ್ಪು ಚಿತ್ರ ಕೊಟ್ಟಂತೆ. ಒಂದು ಹಿಡಿ ಒಣಹುಲ್ಲನ್ನು ನೀರಿನಲ್ಲಿ ಹಾಕಿ, ಒಂದೆರಡು ಚಮಚ ಕೆರೆ ನೀರು ಸೇರಿಸಿ, ಒಂದು ವಾರ ನೆರಳಲ್ಲಿ ಇಡಿ. ಮೇಲಿನ ಪೊರೆಯ ಹತ್ತಿರದಿಂದ ಒಂದು ಹನಿ ತೆಗೆದು ನೋಡಿದರೆ ಸಾಮಾನ್ಯವಾಗಿ ಚಪ್ಪಲಿಯಾಕಾರದ ಪ್ಯಾರಮೀಸಿಯಂ ಸಿಗುತ್ತದೆ. ಸುಮಾರು ಕಾಲು ಮಿಲಿಮೀಟರ್ ಉದ್ದ, ನೀವು ಅಳೆದ ಈರುಳ್ಳಿ ಕೋಶದಷ್ಟೇ. ಜೋರಾಗಿ ಓಡಾಡುತ್ತಿದ್ದರೆ ಹತ್ತಿಯ ನಾಲ್ಕು ಎಳೆ ಹಾಕಿ, ಸಿಕ್ಕಿಕೊಂಡು ನಿಲ್ಲುತ್ತದೆ. ಮೈ ತುಂಬ ರೋಮ, ಈಜಲು ಅದೇ ದೋಣಿಯ ಹುಟ್ಟಿನ ಹಾಗೆ. ಒಂದು ಬದಿಯಲ್ಲಿ ಬಾಯಿ ಅನ್ನಬಹುದಾದ ತಗ್ಗು. ಹೆಚ್ಚಾದ ನೀರನ್ನು ಪಂಪಿನ ಹಾಗೆ ಹೊರಹಾಕುವ ಗುಳ್ಳೆ. ಅದೇ ಅಳತೆಯ ಈರುಳ್ಳಿ ಕೋಶವನ್ನು ಹೊರಗೆ ತೆಗೆದಿಟ್ಟರೆ ಬದುಕುವುದಿಲ್ಲ, ಇದು ಒಬ್ಬಂಟಿಯಾಗಿ ಇಡೀ ಬದುಕು ಮಾಡುತ್ತದೆ. ಸೇರಿ ಬಾಳುವ ಕೋಶ ಒಂದು ಕೆಲಸದಲ್ಲಿ ಪಳಗುತ್ತದೆ, ಉಳಿದ ಕೆಲಸ ಪಕ್ಕದವರಿಗೆ ಬಿಡುತ್ತದೆ.

ಈ ಎರಡು ತುದಿಗಳ ನಡುವೆಯೂ ಜೀವಿಗಳಿವೆ. ಸಮುದ್ರದ ಸ್ಪಂಜುಗಳಲ್ಲಿ ಹಲವು ಬಗೆಯ ಕೋಶಗಳಿದ್ದರೂ ಸರಿಯಾದ ಅಂಗಾಂಶ ಇಲ್ಲ. 1907ರಲ್ಲಿ ಅಮೆರಿಕದ ವಿಲ್ಸನ್ ಎಂಬ ವಿಜ್ಞಾನಿ ಸ್ಪಂಜನ್ನು ತೆಳು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬಿಡಿಬಿಡಿ ಮಾಡಿದರು. ಅವು ತೆವಳಿ ಬಂದು ಒಂದಕ್ಕೊಂದು ಸೇರಿ ಮತ್ತೆ ಸ್ಪಂಜಾದವು.

ಇನ್ನೂ ಬೆರಗಿನದು ಡಿಕ್ಟಿಯೋಸ್ಟೀಲಿಯಂ. ಕಾಡಿನ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು, ಒಂದೇ ಕೋಶದ ಒಂಟಿ ಅಮೀಬಾಗಳಾಗಿ ಇರುತ್ತದೆ. ಊಟ ಖಾಲಿಯಾದಾಗ ಸಾವಿರಾರು ಅಮೀಬಾಗಳು ಒಂದನ್ನೊಂದು ಕರೆದು ಗುಂಪಾಗಿ, ಒಂದೇ ಹುಳುವಿನ ಹಾಗೆ ತೆವಳಿ, ಕೊನೆಗೆ ಒಂದು ಕಡ್ಡಿಯಾಗಿ ಎದ್ದು ನಿಲ್ಲುತ್ತವೆ. ತುದಿಯಲ್ಲಿ ಬೀಜಕಗಳ ಗುಂಡು. ಕಡ್ಡಿಯಾದವು, ಅಂದರೆ ಸುಮಾರು ಐದರಲ್ಲಿ ಒಂದು ಪಾಲು, ಸಾಯುತ್ತವೆ. ಮೇಲೆ ನಿಂತವು ಗಾಳಿ, ಹುಳುಗಳ ಜೊತೆ ಹೊಸ ಜಾಗಕ್ಕೆ ಹೋಗುತ್ತವೆ. ಕೆಲವು ಕೋಶ ಯಾಕೆ ತಮ್ಮನ್ನು ಬಿಟ್ಟುಕೊಡುತ್ತವೆ? ಈ ಪ್ರಶ್ನೆಯ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕರ್ಣಕುಂಡಲದ ಸತ್ತ ಕೊಳವೆಗಳನ್ನು ನೋಡಿ ಬಂದವರಿಗೆ ಈ ಕಡ್ಡಿ ಅಪರಿಚಿತ ಅನ್ನಿಸುವುದಿಲ್ಲ.

ಕೊನೆಯ ಪ್ರಯೋಗ: ಎಲೆಯಿಂದ ಗಿಡ

ಒಂದು ಅಂಗದಿಂದ ಇಡೀ ಜೀವಿ ಬರಬಹುದಾ? ನಮ್ಮ ಕಿವಿಯಿಂದ ಇನ್ನೊಬ್ಬ ಮನುಷ್ಯ ಹುಟ್ಟುವುದಿಲ್ಲ. ಆದರೆ ಗಿಡಗಳ ದಾರಿ ಬೇರೆ. 1958ರಲ್ಲಿ ಅಮೆರಿಕದಲ್ಲಿ ಸ್ಟೀವರ್ಡ್ ಎಂಬುವರ ತಂಡ ಕ್ಯಾರೆಟ್ಟಿನ ಕೋಶಗಳನ್ನು ಬಿಡಿಸಿ, ತೆಂಗಿನ ಎಳನೀರು ಬೆರೆಸಿದ ಪೋಷಕ ದ್ರವದಲ್ಲಿ ಬೆಳೆಸಿ, ಗಿಡವನ್ನೇ ಮಾಡಿ ತೋರಿಸಿತು. ಇಂದು ನಮ್ಮ ರೈತರು ನೆಡುವ ಜಿ-9 ಎಂಬ ತಳಿಯ ಬಾಳೆ ಸಸಿ ಇದೇ ದಾರಿಯಲ್ಲಿ ಬಂದದ್ದು. ಬಾಳೆಯ ಕಂದಿನ ತುದಿಯಲ್ಲಿ ಸದಾ ವಿಭಜನೆಯಾಗುವ ಎಳೆಯ ಅಂಗಾಂಶ ಇರುತ್ತದೆ. ಅದನ್ನು ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿ ಒಂದೇ ಗುಣದ ಸಾವಿರಾರು ಸಸಿ ಮಾಡುತ್ತಾರೆ. "ಟಿಶ್ಯೂ ಕಲ್ಚರ್ ಬಾಳೆ ಹಾಕಿದೀವಿ" ಅನ್ನುವ ರೈತ ತನಗೆ ಗೊತ್ತಿಲ್ಲದೆಯೇ ಪಾಠದ ಎರಡನೇ ಪದವನ್ನು ದಿನಾ ಹೇಳುತ್ತಿದ್ದಾನೆ.

ಮನೆಯಲ್ಲಿ ಮಾಡಲು ಬಾಟಲಿ, ಲ್ಯಾಬು ಬೇಡ. ಕಾಡುಬಸಳೆಯ ಒಂದು ಬಲಿತ, ದಪ್ಪ ಎಲೆ ತನ್ನಿ. ಒದ್ದೆ ಮಣ್ಣು ಹಾಕಿದ ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬಿಸಿಲು ನೇರ ಬೀಳದ ಕಡೆ ಇಡಿ. ತಾರೀಕು ಬರೆದಿಡಿ. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಹತ್ತು ಹದಿನೈದು ದಿನದಲ್ಲಿ ಎಲೆಯಂಚಿನ ಕಚ್ಚುಗಳಲ್ಲಿ ಕೂದಲಿನಂಥ ಬೇರು, ಅದರ ಮೇಲೆ ಎರಡು ಪುಟ್ಟ ಎಲೆ ಕಾಣಿಸುತ್ತವೆ. ಒಂದು ಮರಿಯನ್ನು ಜೋಪಾನವಾಗಿ ಬಿಡಿಸಿ ಕುಂಡಕ್ಕೆ ನೆಡಿ. ಇನ್ನೊಂದು ಮರಿಯ ಬೇರಿನ ತುದಿಯನ್ನು ಕತ್ತರಿಸಿ ಸ್ಲೈಡಿನ ಮೇಲಿಟ್ಟು, ಒಂದು ಹನಿ ಅಯೋಡಿನ್ ಹಾಕಿ, ಕವರ್‌ಸ್ಲಿಪ್ಪಿನಿಂದ ಮೆಲ್ಲಗೆ ಒತ್ತಿ ನೋಡಿ. ತುದಿಯಲ್ಲಿ ಸಣ್ಣ, ಒತ್ತೊತ್ತಾದ ಕೋಶಗಳು. ಸ್ವಲ್ಪ ಹಿಂದೆ ಸರಿದರೆ ಅವೇ ಉದ್ದವಾಗಿರುತ್ತವೆ. ಇನ್ನೂ ಹಿಂದೆ, ನಡುವಿನಲ್ಲಿ, ಒಂದು ತೆಳ್ಳನೆಯ ಗೆರೆ ಕಾಣಿಸಿದರೆ ಸ್ಲೈಡನ್ನು ಅಲ್ಲೇ ನಿಲ್ಲಿಸಿ ಮಕ್ಕಳನ್ನು ಕರೆಯಿರಿ. ನೀರಿನ ಕೊಳವೆ ಆಗಷ್ಟೇ ಹುಟ್ಟುತ್ತಿದೆ.